ಪ್ರೀಮಿಯರ್ ಪದ್ಮಿನಿ ಕಾರು ಸ್ಟಾರ್ಟ್ ಆಗ್ತಿಲ್ವಾ? ಏನನ್ನೂ ಬದಲಿಸುವ ಮೊದಲು ಈ ಕ್ರಮದಲ್ಲಿ ನೋಡಿ

ಜೂನ್‌ನಲ್ಲಿ ಎರಡು ಮಳೆ ಬಿದ್ದರೆ ಸಾಕು, ಮುಂಬೈ ಸುತ್ತಿನ ಮಾಟುಂಗಾ, ಮುಲುಂಡ್, ಡೊಂಬಿವಲಿ ಕಡೆಯ ನಮ್ಮವರಿಂದ ನನಗೆ ಫೋನ್ ಶುರುವಾಗುತ್ತದೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು. "ಪದ್ಮಿನಿ ಸ್ಟಾರ್ಟ್ ಆಗ್ತಿಲ್ಲ. ಬ್ಯಾಟರಿ ಹೊಸದು ಹಾಕಿಸಿದೆ, ಕಾಯಿಲ್ ಹಾಕಿಸಿದೆ. ಇನ್ನೇನು ಬದಲಿಸಲಿ?"

ಎಲ್ಲರೂ ಎಡವುವುದು ಇಲ್ಲೇ. ಪರೀಕ್ಷೆ ಮಾಡದೆ ಸುಮ್ನೆ ಬದಲಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಚೆನ್ನಾಗಿದ್ದ ಹಳೆಯ ಭಾಗವೂ ಕೈಬಿಟ್ಟು ಹೋಗುತ್ತದೆ. ಈಗ ಸಿಗುವ ಹೊಸ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಬಿಟ್ಟು ಬಿಟ್ಟು ಕತ್ತರಿಸುವ ಚಿಕ್ಕ ಸ್ವಿಚ್), ಕಂಡೆನ್ಸರ್ (ಆ ಪಾಯಿಂಟ್ ಸುಡದಂತೆ ಕಾಯುವ ಭಾಗ) ಎಲ್ಲವೂ ಹಳೆಯದರಷ್ಟು ಗಟ್ಟಿ ಇರುವುದಿಲ್ಲ. ಹಾಗಾಗಿ ಒಂದು ತಪ್ಪು ಇದ್ದ ಕಡೆ ಎರಡು ತಪ್ಪು ಆಗಿಬಿಡುತ್ತದೆ.

ಕೆಳಗೆ ಬರೆದಿರುವುದು ಪದ್ಮಿನಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಕಾರ್ಬುರೇಟರ್ ಮತ್ತು ಪಾಯಿಂಟ್ ಇರುವ ಯಾವ ಹಳೆಯ ಪೆಟ್ರೋಲ್ ಕಾರಿಗೂ ಇದೇ ಕ್ರಮ ನಡೆಯುತ್ತದೆ. ಮೊದಲು ಸದ್ದು, ಆಮೇಲೆ ಬ್ಯಾಟರಿ, ಆಮೇಲೆ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್), ಆಮೇಲೆ ಕಿಡಿ, ಆಮೇಲೆ ಪೆಟ್ರೋಲ್, ಕೊನೆಗೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ. ಕಿಡಿಯನ್ನು ಪೆಟ್ರೋಲಿಗಿಂತ ಮೊದಲು ನೋಡುವುದಕ್ಕೆ ಕಾರಣ ಇದೆ. ಪೆಟ್ರೋಲ್ ಪೈಪ್ ಬಿಚ್ಚಿದ ಮೇಲೆ ಬಾನೆಟ್ ಒಳಗೆ ಕಿಡಿ ಹಾರಿಸುವುದು ಬೆಂಕಿಯನ್ನು ಕರೆದ ಹಾಗೆ.

## ಶುರು ಮಾಡುವ ಮೊದಲು: ಕೈಯಲ್ಲಿ ಇರಬೇಕಾದ್ದು

ಒಂದು ಸಾಧಾರಣ ಮಲ್ಟಿಮೀಟರ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಪ್ಲಗ್ ಪಾನಾ, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ನಯವಾದ ಎಮರಿ ಪೇಪರ್, ರಬ್ಬರ್ ಹಿಡಿಯ ಇಕ್ಕಳ, ಒಣ ಹತ್ತಿ ಬಟ್ಟೆ, ಟಾರ್ಚ್. ಟೆಸ್ಟ್ ಲ್ಯಾಂಪ್ ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಚಿಕ್ಕ ಇಂಡಿಕೇಟರ್ ಬಲ್ಬ್‌ಗೆ ಎರಡು ವೈರ್ ಬೆಸೆದರೆ ಆಯಿತು. ಪಕ್ಕದಲ್ಲಿ ಪೌಡರ್ ತುಂಬಿದ ಚಿಕ್ಕ ಅಗ್ನಿಶಾಮಕ ಇಟ್ಟುಕೊಳ್ಳಿ. ಇದು ಬೇಕಾದರೆ ಇಡಿ, ಬೇಡದಿದ್ದರೆ ಬಿಡಿ ಅನ್ನುವ ವಸ್ತು ಅಲ್ಲ.

ಸಹಾಯಕ್ಕೆ ಒಬ್ಬರು ಬೇಕು. ಒಬ್ಬರು ಕೀಲಿ ತಿರುಗಿಸಬೇಕು, ಒಬ್ಬರು ನೋಡಬೇಕು. ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ಎಂದು ಅಲ್ಲಾಡಿಸಿ ನೋಡಿ. ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ಸಡಿಲವಾಗಿದ್ದರೆ ನ್ಯೂಟ್ರಲ್ ಅಂದುಕೊಂಡದ್ದು ಗೇರ್‌ನಲ್ಲೇ ಇರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಒಂದು ಇಟ್ಟಿಗೆ ಕೊಡಿ. ಲುಂಗಿ, ದುಪಟ್ಟಾ, ಸಡಿಲ ತೋಳಿನ ಅಂಗಿ ಫ್ಯಾನ್ ಹತ್ತಿರ ಬೇಡ.

ಇನ್ನೊಂದು ಮಾತು. ಎಂಜಿನ್ ಓಡದೇ ಇರುವಾಗ ಕೀಲಿಯನ್ನು ಆನ್‌ನಲ್ಲೇ ಬಿಟ್ಟು ಮಾತಾಡುತ್ತಾ ನಿಲ್ಲಬೇಡಿ. ಆ ಹೊತ್ತಿಗೆ ಪಾಯಿಂಟ್ ಮುಚ್ಚಿಕೊಂಡಿದ್ದರೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡುವ ಭಾಗ) ಒಂದೇ ಸಮ ಬಿಸಿಯಾಗುತ್ತದೆ. ಹೀಗೇ ಸುಟ್ಟ ಕಾಯಿಲ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

## ಹಂತ 1: ಕೀಲಿ ತಿರುಗಿಸಿ, ಸದ್ದು ಕೇಳಿ

ಬಾನೆಟ್ ಎತ್ತುವ ಮೊದಲು ಒಂದು ಸಲ ಸೆಲ್ಫ್ ಹೊಡೆಯಿರಿ. ಹೆಡ್‌ಲೈಟ್ ಹಾಕಿಯೇ ಹೊಡೆಯಿರಿ. ಎದುರು ಗೋಡೆಯ ಮೇಲೆ ಬೆಳಕು ಏನಾಗುತ್ತದೆ ನೋಡಿ.

ಸದ್ದೇ ಇಲ್ಲ, ಬೆಳಕೂ ಹಾಗೇ ಇದೆ ಅಂದರೆ ಕರೆಂಟ್ ಸೆಲ್ಫ್‌ವರೆಗೆ ಹೋಗುತ್ತಿಲ್ಲ. ಕೀಲಿಯ ಸ್ವಿಚ್, ಸೊಲೆನಾಯ್ಡ್ (ಸೆಲ್ಫ್‌ಗೆ ಬ್ಯಾಟರಿಯ ಕರೆಂಟ್ ಬಿಡುವ ದೊಡ್ಡ ಸ್ವಿಚ್), ಅಲ್ಲಿಗೆ ಹೋಗುವ ಸಣ್ಣ ವೈರ್ ನೋಡಬೇಕು. ಕಟಕಟ ಎಂದು ಬಡಿದುಕೊಂಡು ಬೆಳಕು ಸತ್ತುಹೋದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ಎಲ್ಲೋ ಜೋಡಣೆ ಕೆಟ್ಟಿದೆ. ಒಂದೇ ಒಂದು 'ಟಕ್' ಬಂದು ನಿಂತರೆ ಸೊಲೆನಾಯ್ಡ್ ಅಥವಾ ಸೆಲ್ಫ್ ಮೋಟರ್ ಮೇಲೆ ಅನುಮಾನ. ಗುಯ್ ಎಂದು ಮೋಟರ್ ಮಾತ್ರ ತಿರುಗಿ ಎಂಜಿನ್ ಅಲ್ಲಾಡದಿದ್ದರೆ ಸೆಲ್ಫ್‌ನ ಹಲ್ಲಿನ ಚಕ್ರ ಫ್ಲೈವೀಲ್‌ಗೆ ಕೂರುತ್ತಿಲ್ಲ.

ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಅಂದರೆ ಬ್ಯಾಟರಿ, ಸೆಲ್ಫ್ ಎರಡನ್ನೂ ಬಿಟ್ಟು ನೇರ ನಾಲ್ಕನೇ ಹಂತಕ್ಕೆ ಹೋಗಿ.

ಒಂದು ಸಲಕ್ಕೆ 5ರಿಂದ 10 ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧದಿಂದ ಒಂದು ನಿಮಿಷ ಬಿಡುವು ಕೊಡಿ.

ಮುಟ್ಟಲೇ ಬಾರದ ಸಂದರ್ಭ: ಕಿಂಗ್ಸ್ ಸರ್ಕಲ್ಲೋ ಹಿಂದ್‌ಮಾತಾನೋ, ನೀರು ತುಂಬಿದ ರಸ್ತೆಯಲ್ಲಿ ಗಾಡಿ ಆಫ್ ಆಗಿದ್ದರೆ ಸೆಲ್ಫ್ ಹೊಡೆಯಲೇಬೇಡಿ. ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರ್‌ಗೆ ಹೋಗಿರಬಹುದು. ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲು ಪಿಸ್ಟನ್‌ಗೆ ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಗಾಡಿಯನ್ನು ತಳ್ಳಿ ಒಣ ಜಾಗಕ್ಕೆ ತನ್ನಿ. ನಾಲ್ಕೂ ಪ್ಲಗ್ ಬಿಚ್ಚಿ, ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಅಲ್ಲಿಗೇ ನಿಲ್ಲಿಸಿ ಟೋಯಿಂಗ್ ಗಾಡಿ ಕರೆಸಿ.

## ಹಂತ 2: ಬ್ಯಾಟರಿ, ಮತ್ತು ಎಲ್ಲರೂ ಮರೆಯುವ ಅರ್ತಿಂಗ್

ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಬಂದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಮುಂದಿನ ಪರೀಕ್ಷೆ ಆಮೇಲೆ. ಅರೆ ಬ್ಯಾಟರಿಯಲ್ಲಿ ಕಿಡಿ ಪರೀಕ್ಷೆ ಮಾಡಿದರೆ ಉತ್ತರ ತಪ್ಪು ಬರುತ್ತದೆ.

ಈಗ ಸಹಾಯಕರಿಗೆ ಸೆಲ್ಫ್ ಹೊಡೆಯಲು ಹೇಳಿ, ಮೀಟರ್ ಮೇಲೆ ಕಣ್ಣಿಡಿ. 9.6ಕ್ಕಿಂತ ಕೆಳಗೆ ಬೀಳಬಾರದು. ನಿಂತಾಗ 12.6 ತೋರಿಸಿ ಸೆಲ್ಫ್ ಹೊಡೆದ ಕೂಡಲೇ 7ಕ್ಕೋ 8ಕ್ಕೋ ಕುಸಿದರೆ ಬ್ಯಾಟರಿಯ ಒಳಗಿನ ಸೆಲ್ ಹೋಗಿದೆ. ಚಾರ್ಜ್ ಮಾಡಿ ಪ್ರಯೋಜನ ಇಲ್ಲ.

ಮುಂಬೈ ಗಾಳಿಯಲ್ಲಿ ಉಪ್ಪು, ತೇವ ಎರಡೂ ಇದೆ. ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಹೂ ಬಿಟ್ಟಂತೆ ಕೂರುತ್ತದೆ. ಅದರ ಮೇಲೆ ಬಿಸಿನೀರು ಸುರಿದು ತೊಳೆದರೆ ಅರ್ಧ ಕೆಲಸ ಮಾತ್ರ ಆದಂತೆ. ಕ್ಲಾಂಪ್ ಬಿಚ್ಚಿ, ಒಳಗಿನ ಸುತ್ತನ್ನೂ ಸೀಸದ ಗೂಟವನ್ನೂ ಎಮರಿಯಿಂದ ಹೊಳೆಯುವವರೆಗೆ ಉಜ್ಜಬೇಕು. ಬಿಗಿ ಮಾಡಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಚ್ಚುವಾಗ ಮೊದಲು ಅರ್ತ್ ಕೇಬಲ್ (ಬ್ಯಾಟರಿಯಿಂದ ಗಾಡಿಯ ಕಬ್ಬಿಣದ ಮೈಗೆ ಹೋಗುವುದು), ಹಾಕುವಾಗ ಅದೇ ಕೊನೆಗೆ. ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಪ್ಲಸ್ ಕಡೆಯೇ ಗಾಡಿಯ ಬಾಡಿಗೆ ಅರ್ತ್ ಆಗಿರುತ್ತದೆ. ಅಂಥ ಗಾಡಿ ನಿಮ್ಮದಾದರೆ ಕೇಬಲ್ ಎಲ್ಲಿಗೆ ಹೋಗಿದೆ ನೋಡಿಯೇ ಕೈ ಹಾಕಿ.

ಇನ್ನು ಅರ್ತಿಂಗ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಡೊಂಬಿವಲಿಯ ನಮ್ಮ ಮಾವನ ಗಾಡಿ ಎರಡು ತಿಂಗಳು ಹೀಗೇ ಕಾಡಿಸಿತು. ಬ್ಯಾಟರಿ, ಸೆಲ್ಫ್, ಸೊಲೆನಾಯ್ಡ್ ಮೂರೂ ಬದಲಾಗಿತ್ತು. "ಎಲ್ಲಾ ಹೊಸತೇ ಹಾಕಿಸಿದೆ ಮಾರಾಯ, ಆದ್ರೂ ಎತ್ತುವುದಿಲ್ಲ" ಎಂದರು. ನಾನು ಹೋಗಿ ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕ್‌ನ ಬರಿ ಕಬ್ಬಿಣಕ್ಕೂ ಒತ್ತಿಹಿಡಿದೆ. "ಮಾವ, ಈಗ ಹೊಡೀರಿ" ಎಂದೆ. ಮೀಟರ್ 1.8 ವೋಲ್ಟ್ ತೋರಿಸಿತು. ಅಲ್ಲಿ 0.2 ದಾಟಬಾರದು, 0.5 ಅಂದರೇ ಜಾಸ್ತಿ.

ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಎಂಜಿನ್ನಿನಿಂದ ಬಾಡಿಗೆ ಹೋಗುವ ತಂತಿ, ಜಡೆ ಹೆಣೆದ ಹಾಗೆ ಚಪ್ಪಟೆಯಾಗಿರುತ್ತದಲ್ಲ, ಅದು ಮೇಲಿಂದ ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿದರೆ ಅದರ ತುದಿ ಕೂತಿದ್ದ ಜಾಗದಲ್ಲಿ ಬಣ್ಣ. ಹಿಂದಿನ ವರ್ಷ ಗಾಡಿಗೆ ಪೇಂಟ್ ಮಾಡಿಸುವಾಗ ಅದರ ಮೇಲೂ ಹೊಡೆದು, ಹಾಗೇ ಬೋಲ್ಟ್ ಕಟ್ಟಿದ್ದರು. ಒಂದು ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣ ಕೆರೆದೆವು, ತಂತಿಯ ತುದಿ ಉಜ್ಜಿದೆವು. ಮರುಕ್ಷಣ ಎತ್ತಿತು. ಸೆಲ್ಫ್ ಬದಲಿಸುವ ಮೊದಲು ಈ ಒಂದು ಪರೀಕ್ಷೆ ತಪ್ಪಿಸಬೇಡಿ. ಒಂದು ನಿಮಿಷದ ಕೆಲಸ.

ಎಚ್ಚರಿಕೆಯ ಗುರುತು ಇನ್ನೊಂದಿದೆ. ಸೆಲ್ಫ್ ಹೊಡೆದ ಮೇಲೆ ಚೋಕ್ (ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಕೊಡಲು ಎಳೆಯುವ ಗುಂಡಿ) ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿದ್ದರೆ ಅರ್ತಿಂಗ್ ಹೋಗಿದೆ ಎಂದೇ ಅರ್ಥ. ಕರೆಂಟ್ ತನ್ನ ದಾರಿ ಸಿಗದೆ ಆ ಕೇಬಲ್ ಹಿಡಿದು ವಾಪಸ್ ಹೋಗುತ್ತಿದೆ.

## ಹಂತ 3: ಸೆಲ್ಫ್

ಬ್ಯಾಟರಿ, ಅರ್ತಿಂಗ್ ಸರಿ ಇದ್ದೂ ಎತ್ತದಿದ್ದರೆ ಸೊಲೆನಾಯ್ಡ್‌ಗೆ ಬರುವ ಸಣ್ಣ ವೈರ್‌ಗೆ ಟೆಸ್ಟ್ ಲ್ಯಾಂಪ್‌ನ ಒಂದು ತುದಿ ಹಿಡಿದು, ಇನ್ನೊಂದನ್ನು ಎಂಜಿನ್‌ನ ಬರಿ ಕಬ್ಬಿಣಕ್ಕೆ ಒತ್ತಿ. ಕೀಲಿ ತಿರುಗಿಸಿದಾಗ ಬಲ್ಬ್ ಹತ್ತದಿದ್ದರೆ ತಪ್ಪು ಕೀಲಿಯ ಸ್ವಿಚ್‌ನಲ್ಲಿ ಅಥವಾ ಆ ವೈರ್‌ನಲ್ಲಿ. ಬಲ್ಬ್ ಹತ್ತಿಯೂ ಸೆಲ್ಫ್ ಸುಮ್ಮನಿದ್ದರೆ ಸೆಲ್ಫ್ ಇಳಿಸಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ. ಬಹಳ ಸಲ ಕಾರ್ಬನ್ (ಒಳಗೆ ಕರೆಂಟ್ ಕೊಡುವ ಬ್ರಷ್) ಸವೆದಿರುತ್ತದೆ, ಬುಶ್ ಹೋಗಿರುತ್ತದೆ. ಪೂರ್ತಿ ಸೆಲ್ಫ್ ಬದಲಿಸುವ ಅಗತ್ಯ ಬರುವುದು ಕಡಿಮೆ.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೆಲ್ಫ್ ಎತ್ತಿಸುವುದನ್ನು ಬೀದಿಯಲ್ಲಿ ನೋಡಿರುತ್ತೀರಿ. ಅದು ಬೇಡ. ಗೇರ್‌ನಲ್ಲಿದ್ದರೆ ಗಾಡಿ ಮುಂದೆ ನುಗ್ಗುತ್ತದೆ. ಪೆಟ್ರೋಲ್ ಸೋರಿದ್ದರೆ ಆ ಕಿಡಿ ಸಾಕು.

## ಹಂತ 4: ಕಿಡಿ

ಮಳೆಗಾಲದಲ್ಲಿ ನಾನು ನೋಡಿದ ಗಾಡಿಗಳಲ್ಲಿ ಜಾಸ್ತಿ ತಪ್ಪು ಸಿಕ್ಕಿದ್ದು ಇಲ್ಲೇ. ನಿಧಾನವಾಗಿ, ಒಂದಾದ ಮೇಲೆ ಒಂದು ನೋಡಿ.

ಮೊದಲು ಕಾಯಿಲ್‌ನ ಕಿಡಿ. ಡೆಲ್ಕೋ, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅದರ ಕ್ಯಾಪ್‌ನ ನಡುವಿನ ದಪ್ಪ ವೈರ್ ಎಳೆಯಿರಿ. ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ತುದಿಯನ್ನು ಬ್ಲಾಕ್‌ನ ಕಬ್ಬಿಣದಿಂದ 5–6 ಮಿ.ಮೀ. ದೂರ ಇಡಿ. ಕಾರ್ಬುರೇಟರ್ ಹತ್ತಿರ ಬೇಡ. ಸೆಲ್ಫ್ ಹೊಡೆದಾಗ 'ಟಿಕ್ ಟಿಕ್' ಎಂದು ದಪ್ಪ ನೀಲಿ ಕಿಡಿ ಹಾರಬೇಕು. ತೆಳ್ಳಗೆ, ಹಳದಿ ಅಥವಾ ಕೆಂಪಗೆ ಇದ್ದರೆ ಶಕ್ತಿ ಸಾಲದು. ಬರಿಗೈಯಲ್ಲಿ ಹಿಡಿಯಬೇಡಿ. ಹೊಡೆತ ಜೋರಾಗಿರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆಯಿಂದ ದೂರ ಇರಲಿ.

ಕಾಯಿಲ್‌ನಿಂದ ಕಿಡಿ ಚೆನ್ನಾಗಿ ಬಂದರೆ ತಪ್ಪು ಅದರ ಮುಂದೆ ಇದೆ. ಕ್ಯಾಪ್, ರೋಟರ್ (ಕ್ಯಾಪ್ ಒಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು), ಪ್ಲಗ್ ವೈರ್, ಪ್ಲಗ್. ತೆರೆದ ಜಾಗದಲ್ಲಿ ರಾತ್ರಿ ನಿಂತ ಗಾಡಿಯಾದರೆ ಕ್ಯಾಪ್ ಬಿಚ್ಚಿ ಒಳಗೆ ಬೆರಳಾಡಿಸಿ. ಬೆರಳು ಒದ್ದೆಯಾದರೆ ಉತ್ತರ ಸಿಕ್ಕಿತು ಅಂತಲೇ. ಒಣ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ಹೇರ್ ಡ್ರೈಯರ್ ಇದ್ದರೆ ಎರಡು ನಿಮಿಷ ಹಿಡಿಯಿರಿ. ಪೆಟ್ರೋಲ್ ಬಟ್ಟೆಯಿಂದ ಒರೆಸುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಕ್ಯಾಪ್ ಒಳಗೆ ಆವಿ ನಿಂತು ಮೊದಲ ಕಿಡಿಗೇ ಹತ್ತಿಕೊಳ್ಳಬಹುದು.

ಒರೆಸಿದ ಮೇಲೆ ಟಾರ್ಚ್ ಬಿಟ್ಟು, ಕ್ಯಾಪನ್ನು ಓರೆ ಮಾಡುತ್ತಾ ನೋಡಿ. ಒಂದು ಕಂಬಿಯಿಂದ ಇನ್ನೊಂದು ಕಂಬಿಗೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಕಾಣಬಹುದು. ಅದು ಕೊಳೆ ಅಲ್ಲ, ಕಿಡಿ ಸುಟ್ಟುಕೊಂಡು ಮಾಡಿಕೊಂಡ ದಾರಿ. ಉಜ್ಜಿದರೆ ಮತ್ತೆ ಬರುತ್ತದೆ. ಆ ಕ್ಯಾಪ್ ಬದಲಿಸಲೇಬೇಕು. ನಡುವಿನ ಚಿಕ್ಕ ಕಾರ್ಬನ್ ತುಂಡು ಸ್ಪ್ರಿಂಗ್ ಮೇಲೆ ಆಡುತ್ತಿದೆಯಾ, ಅದನ್ನೂ ಒತ್ತಿ ನೋಡಿ.

ಕಾಯಿಲ್‌ನಿಂದಲೇ ಕಿಡಿ ಇಲ್ಲದಿದ್ದರೆ ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. ಕೀಲಿ ಆನ್ ಮಾಡಿ, ಮೊದಲು ಕಾಯಿಲ್‌ನ ಪ್ಲಸ್ ಕಡೆ ಮುಟ್ಟಿಸಿ. ಹತ್ತದಿದ್ದರೆ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ, ಹಿಂದಕ್ಕೆ ಸ್ವಿಚ್‌ವರೆಗೆ ವೈರ್ ಹುಡುಕಿ. ಹತ್ತಿದರೆ ಈಗ ಡೆಲ್ಕೋಗೆ ಹೋಗುವ ಕಡೆಯ ಟರ್ಮಿನಲ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಬಲ್ಬ್ ಮಿಣುಕಬೇಕು. ಮಿಣುಕಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ, ಆಗ ಅನುಮಾನ ಕಾಯಿಲ್, ಕಂಡೆನ್ಸರ್ ಅಥವಾ ಆ ದಪ್ಪ ವೈರ್ ಮೇಲೆ. ಮಿಣುಕದೆ ಒಂದೇ ಸಮ ಉರಿದರೆ ಪಾಯಿಂಟ್ ಮುಚ್ಚಿಕೊಳ್ಳುತ್ತಿಲ್ಲ, ಅಥವಾ ಮುಖಕ್ಕೆ ಕೊಳೆ ಹಿಡಿದಿದೆ. ಹತ್ತಲೇ ಇಲ್ಲ ಅಂದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಡೆಲ್ಕೋ ಒಳಗಿನ ವೈರ್ ಬಾಡಿಗೆ ತಾಗುತ್ತಿದೆ.

ಪಾಯಿಂಟ್ ಗ್ಯಾಪ್ ನೋಡುವಾಗ ಎಂಜಿನ್ ತಿರುಗಿಸಿ ಪಾಯಿಂಟ್ ಪೂರ್ತಿ ತೆರೆದ ಜಾಗಕ್ಕೆ ತನ್ನಿ. ಪದ್ಮಿನಿಗೆ ಗ್ಯಾಪ್ 0.4ರಿಂದ 0.5 ಮಿ.ಮೀ. ನಡುವೆ ಇರಲಿ. ಫೀಲರ್ ಗೇಜ್ ಸ್ವಲ್ಪ ಉಜ್ಜಿಕೊಂಡು ಬರಬೇಕು, ಸಿಕ್ಕಿಕೊಳ್ಳಬಾರದು. ಮುಖದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಸರಿಯಿಲ್ಲ ಎಂದು ತಿಳಿಯಿರಿ. ಪಾಯಿಂಟ್ ಮಾತ್ರ ಬದಲಿಸಿದರೆ ಹೊಸದೂ ಕೆಲವೇ ದಿನಕ್ಕೆ ಹಾಗೇ ಆಗುತ್ತದೆ. ಹೊಸ ಪಾಯಿಂಟ್ ಹಾಕುವಾಗ ಅದರ ಮುಖಕ್ಕೆ ಅಂಟಿದ ಎಣ್ಣೆ ಒರೆಸಿ ಹಾಕಿ. ಕ್ಯಾಮ್‌ಗೆ (ತಿರುಗುತ್ತಾ ಪಾಯಿಂಟನ್ನು ತಳ್ಳಿ ತೆರೆಯುವ ಭಾಗ) ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ. ಇದನ್ನು ಮರೆತರೆ ಪಾಯಿಂಟ್‌ನ ಫೈಬರ್ ಗುಬ್ಬಿ ಸವೆದು ಗ್ಯಾಪ್ ತಾನಾಗಿಯೇ ಮುಚ್ಚುತ್ತದೆ.

ಕಾಯಿಲ್ ಅಳೆಯುವುದಾದರೆ ವೈರ್ ಬಿಚ್ಚಿ, ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಓಮ್ ನೋಡಿ. ಸಾಧಾರಣ 12 ವೋಲ್ಟ್ ಕಾಯಿಲ್‌ಗೆ 3ರ ಆಸುಪಾಸು ಬರುತ್ತದೆ. ತಣ್ಣಗಿದ್ದಾಗ ಸರಿ ತೋರಿಸಿ ಬಿಸಿಯಾದಾಗ ಕೈಕೊಡುವ ಕಾಯಿಲ್‌ಗಳೂ ಇವೆ. ಹಾಗಾಗಿ ಗಾಡಿ ದಾರಿಯಲ್ಲಿ ನಿಂತಾಗಲೇ ಅಳೆದರೆ ಒಳ್ಳೆಯದು.

ಪ್ಲಗ್ ವೈರ್ ಬಿಚ್ಚುವಾಗ ಒಂದೊಂದೇ ಬಿಚ್ಚಿ. ಎಲ್ಲ ಒಟ್ಟಿಗೆ ಎಳೆದು ಆಮೇಲೆ ಅಂದಾಜಿನಲ್ಲಿ ಹಾಕಿ, ಸ್ಟಾರ್ಟ್ ಆಗ್ತಿಲ್ಲ ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಪದ್ಮಿನಿಯಲ್ಲಿ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ 1-3-4-2. ಕ್ರಮ ತಪ್ಪಿದ್ದರೆ ಕಾರ್ಬುರೇಟರ್ ಕಡೆಯಿಂದ ಢಬ್ ಎಂದು ಹಿಂದಕ್ಕೆ ಹೊಡೆಯುತ್ತದೆ. ಪ್ಲಗ್‌ನ ಗ್ಯಾಪ್ 0.6 ಮಿ.ಮೀ. ಆಸುಪಾಸು ಸಾಕು.

## ಹಂತ 5: ಪೆಟ್ರೋಲ್

ಕಿಡಿ ನೀಲಿಯಾಗಿದೆ, ಆದರೂ ಹತ್ತುತ್ತಿಲ್ಲ ಅಂದರೆ ಒಂದು ಪ್ಲಗ್ ಬಿಚ್ಚಿ ಮೂಸಿ ನೋಡಿ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಇದ್ದರೆ ಓವರ್‌ಫ್ಲೋ, ಅಂದರೆ ಪೆಟ್ರೋಲ್ ಜಾಸ್ತಿ ಹೋಗಿದೆ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಎರಡಕ್ಕೂ ಮದ್ದು ಬೇರೆ.

ಓವರ್‌ಫ್ಲೋ ಆಗಿದ್ದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, 5–7 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪೆಡಲ್ ಪದೇ ಪದೇ ತುಳಿಯಬೇಡಿ, ತುಳಿದಷ್ಟೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಬಿಸಿ ಎಂಜಿನ್‌ಗೆ ಚೋಕ್ ಎಳೆಯುವುದು ಓವರ್‌ಫ್ಲೋಗೆ ಮೊದಲ ಕಾರಣ. ಮತ್ತೆ ಮತ್ತೆ ಹೀಗಾದರೆ ಕಾರ್ಬುರೇಟರ್‌ನ ನೀಡಲ್ ವಾಲ್ವ್ ಕೂರುತ್ತಿಲ್ಲ, ಅಥವಾ ಫ್ಲೋಟ್ ಒಳಗೆ ಪೆಟ್ರೋಲ್ ತುಂಬಿದೆ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಗುಳುಗುಳು ಕೇಳುತ್ತದೆ.

ಪೆಟ್ರೋಲ್ ಬರುತ್ತಿಲ್ಲ ಅಂದರೆ ಗಾಡಿಯ ಪೆಟ್ರೋಲ್ ಮೀಟರ್‌ನ ಮುಳ್ಳನ್ನು ನಂಬಬೇಡಿ, ಮೊದಲು ಎರಡು ಲೀಟರ್ ಹಾಕಿ. ಕಾಯಿಲ್‌ನ ದಪ್ಪ ವೈರ್ ಬಿಚ್ಚಿ ಅರ್ತ್‌ಗೆ ಕಟ್ಟಿ. ಆಮೇಲೆ ಕಾರ್ಬುರೇಟರ್‌ಗೆ ಬರುವ ಪೈಪ್ ತೆಗೆದು ಬಾಟಲಿಯೊಳಗೆ ಬಿಟ್ಟು ಸೆಲ್ಫ್ ಹೊಡೆಸಿ. ಪಿಚಕಾರಿಯಂತೆ ಬಿಟ್ಟು ಬಿಟ್ಟು ಬರಬೇಕು. ಗುಳ್ಳೆ ಬಂದರೆ ಟ್ಯಾಂಕ್‌ನಿಂದ ಪಂಪ್‌ವರೆಗಿನ ಪೈಪ್ ಎಲ್ಲೋ ಗಾಳಿ ಎಳೆಯುತ್ತಿದೆ. ಏನೂ ಬರದಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಎಸಿ ಪಂಪ್‌ನ (ಎಂಜಿನ್‌ನಿಂದ ನಡೆಯುವ ಪೆಟ್ರೋಲ್ ಪಂಪ್) ಡಯಾಫ್ರಂ, ಅಂದರೆ ಒಳಗಿನ ಮೆತ್ತನೆ ಪರದೆ, ಹರಿದಿದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಡಯಾಫ್ರಂ ಹರಿದೇ ಇದೆ. ಆ ಆಯಿಲ್‌ನಲ್ಲಿ ಎಂಜಿನ್ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಆಯಿಲ್ ಕೂಡ ಬದಲಿಸಿ.

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪ್, ಡಯಾಫ್ರಂ ಇವನ್ನು ಅದು ಮೆತ್ತಗೆ ಮಾಡುತ್ತದೆ. ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ, ಬೆರಳಿಗೆ ಕಪ್ಪು ಅಂಟಿದರೆ ಎಥನಾಲ್ ತಡೆಯುವ ಪೈಪ್ ಕೇಳಿ ಹಾಕಿಸಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮೂರು ತಿಂಗಳು ಕವರ್ ಹಾಕಿ ನಿಲ್ಲಿಸಿದ ಗಾಡಿಯಾದರೆ ಬಾಟಲಿಗೆ ಹಿಡಿದ ಪೆಟ್ರೋಲನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಬೇಕು.

ಎರಡು ಮೂರು ವಾರ ನಿಂತ ಗಾಡಿಯ ಕಾರ್ಬುರೇಟರ್ ಒಣಗಿರುವುದು ಸಹಜ. ಅದು ತಪ್ಪಲ್ಲ. ಪಂಪ್‌ನಲ್ಲಿ ಕೈ ಲಿವರ್ ಇದ್ದರೆ ಹತ್ತಿಪ್ಪತ್ತು ಸಲ ಒತ್ತಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಬಾಟಲಿಯಿಂದ ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು ಮಾತ್ರ ಎಂದಿಗೂ ಬೇಡ. ಎಂಜಿನ್ ಹಿಂದಕ್ಕೆ ಹೊಡೆದರೆ ಬೆಂಕಿ ನೇರ ಕೈಯಲ್ಲಿರುವ ಬಾಟಲಿಗೇ ಬರುತ್ತದೆ.

## ಬೆಳಿಗ್ಗೆ ಸರಿ, ಟ್ರಾಫಿಕ್‌ನಲ್ಲಿ ನಿಂತರೆ ಏಳುವುದಿಲ್ಲ

ಇದು ಮೇ ತಿಂಗಳ ದೂರು. ಸಾಯನ್ ಸಿಗ್ನಲ್‌ನಲ್ಲಿ ಇಪ್ಪತ್ತು ನಿಮಿಷ ನಿಂತು ಆಫ್ ಆದ ಗಾಡಿ ಅರ್ಧ ಗಂಟೆ ಬಿಟ್ಟು ತಾನಾಗಿ ಸ್ಟಾರ್ಟ್ ಆಗುತ್ತದೆ. ಕಾರಣ ಎರಡರಲ್ಲಿ ಒಂದು. ಪೈಪ್‌ನಲ್ಲಿ ಪೆಟ್ರೋಲ್ ಆವಿಯಾಗಿದೆ, ಇಲ್ಲವೇ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಕೈಕೊಟ್ಟಿದೆ. ತಿಳಿಯಲು ಒಂದೇ ದಾರಿ, ನಿಂತ ಕೂಡಲೇ ಕಿಡಿ ನೋಡುವುದು. ತಣ್ಣಗಾದ ಮೇಲೆ ನೋಡಿದರೆ ಎರಡೂ ಸರಿಯಾಗಿಯೇ ಕಾಣುತ್ತವೆ. ಕಿಡಿ ಚೆನ್ನಾಗಿದ್ದರೆ ಪಂಪ್ ಮತ್ತು ಪೈಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಕಾಯಿರಿ. ಡೆಲ್ಕೋ ಒದ್ದೆಯಾಗದಂತೆ ನೋಡಿಕೊಳ್ಳಿ.

## ಹಂತ 6: ಕಂಪ್ರೆಶನ್ ಮತ್ತು ಟೈಮಿಂಗ್

ಇಲ್ಲಿಗೆ ಬರುವವರು ಕಡಿಮೆ. ಸೆಲ್ಫ್ ಹೊಡೆಯುವಾಗ ಸದ್ದು ಒಂದೇ ಲಯದಲ್ಲಿ ಬರಬೇಕು. ನಾಲ್ಕಕ್ಕೊಂದು ಸಲ ಲಯ ತಪ್ಪಿದರೆ ಒಂದು ಸಿಲಿಂಡರ್ ಸೋತಿದೆ. ಯಾವ ತಡೆಯೂ ಇಲ್ಲದೆ ಗಿರ್ರನೆ ತಿರುಗಿದರೆ ಡೆಲ್ಕೋ ಕ್ಯಾಪ್ ತೆಗೆದು ರೋಟರ್ ನೋಡಿ. ಸೆಲ್ಫ್ ಹೊಡೆದಾಗ ರೋಟರ್ ತಿರುಗದಿದ್ದರೆ ಟೈಮಿಂಗ್ ಚೈನ್ ಹೋಗಿರಬಹುದು. ಮತ್ತೆ ಕೀಲಿ ಮುಟ್ಟಬೇಡಿ, ಮೆಕ್ಯಾನಿಕ್ ಕರೆಯಿರಿ.

ಕಂಪ್ರೆಶನ್ ಗೇಜ್ ಇದ್ದರೆ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದೊಂದನ್ನೇ ಅಳೆಯಿರಿ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

## ಸ್ಟಾರ್ಟ್ ಆದ ಮೇಲೆ

ಖುಷಿಯಲ್ಲಿ ಬಾನೆಟ್ ಮುಚ್ಚಿಬಿಡಬೇಡಿ. ಎಂಜಿನ್ ಸ್ವಲ್ಪ ಏರಿಸಿ ಬ್ಯಾಟರಿಗೆ ಮತ್ತೆ ಮೀಟರ್ ಇಡಿ. 13.8ರಿಂದ 14.4 ವೋಲ್ಟ್ ಬರಬೇಕು. 12.5ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ. ಡೈನಮೋ ಅಥವಾ ಆಲ್ಟರ್ನೇಟರ್‌ನ ಬೆಲ್ಟ್ ಒತ್ತಿ ನೋಡಿ, ಆಮೇಲೆ ಕಾರ್ಬನ್ ಮತ್ತು ಕಟ್‌ಔಟ್ (ಚಾರ್ಜಿಂಗ್ ನಿಯಂತ್ರಿಸುವ ಡಬ್ಬಿ) ನೋಡಿಸಿ. ಇದನ್ನು ಬಿಟ್ಟು ಹೊರಟರೆ ಮಳೆಯಲ್ಲಿ ವೈಪರ್, ಹೆಡ್‌ಲೈಟ್ ಎರಡೂ ಹಾಕಿದ ಗಾಡಿ ಸಂಜೆ ಆಫೀಸಿನಿಂದ ಎತ್ತುವುದಿಲ್ಲ.